ಬಾಗಿಲಿಲ್ಲದ ಮನೆಯ ಕೆಮ್ಮು

ಈ ವೃತ್ತಾಂತವನ್ನು ನನಗೆ ಮೊದಲು ಹೇಳಿದವರು ಹಾನಗಲ್ಲ ತಾಲೂಕು ಆಡೂರಿನ ಹಾಲವ್ವ. ಕಾಲ, ೨೦೨೪ರ ಯುಗಾದಿ ಕಳೆದ ವಾರ, ಮಧ್ಯಾಹ್ನದ ಊಟವಾದ ಮೇಲೆ. ಸ್ಥಳ, ಅವರ ಮನೆಯ ಮುಂದಿನ ಕಟ್ಟೆ. ನಾನು ಹೋದದ್ದು ಆ ಊರಿನ ಶಾಸನಗಳ ಬಗೆಗೆ ಜನ ಹೇಳುವ ಕಥೆಗಳನ್ನು ಸಂಗ್ರಹಿಸಲು. ಹಾಲವ್ವನವರು, “ಕಲ್ಲಿನ ಕತಿ ಎಲ್ಲಿ ಓಡಿ ಹೊಕ್ಕಾವ್ರಿ, ಅಲ್ಲೇ ಇರ್ತಾವ. ಮೊದಲ ಕೆಮ್ಮಿನ ಕತಿ ಕೇಳ್ರಿ” ಎಂದರು. ಕಟ್ಟೆಯ ಮೇಲೆ ಆಗಲೇ ಏಳೆಂಟು ಮಂದಿ ಕೂತಿದ್ದರು. ಕಥೆ ಅವರಿಗೆಲ್ಲ ಗೊತ್ತಿದ್ದುದರಿಂದ ಇನ್ನಷ್ಟು ಆಸಕ್ತಿಯಿಂದ ಕೇಳಿದರು. ಮುಂದೆ ಸವಣೂರಿನ ಶಹಾಬುದ್ದೀನರು ಇದನ್ನೇ ಹೇಳಿದಾಗ ಎರಡೂ ಪಾಠಗಳನ್ನು ಹೋಲಿಸಿ ನೋಡಿದ್ದೇನೆ. ಭೇದ ಅಲ್ಪ.

೧೯೯೩ರಲ್ಲಿ ಹಿರೇಕೆರೂರ ತಾಲೂಕು ಹಂಸಭಾವಿಯ ಮಂಜವ್ವನವರು ಹಾಡಿದ ತತ್ವಪದಗಳ ಕ್ಯಾಸೆಟ್ಟೊಂದು ಹೊರಬಂತು. ಅದರ ಹೆಸರು ‘ಬಾಗಿಲಿಲ್ಲದ ಮನಿ’. ಧ್ವನಿಮುದ್ರಣ ನಡೆದದ್ದು ಹಾನಗಲ್ಲಿನ ಒಂದು ಭತ್ತದ ಗಿರಣಿಯಲ್ಲಿ. ಕರೆಂಟು ಹೋಗಿ ಗಿರಣಿ ನಿಂತಿರುವಷ್ಟು ಹೊತ್ತು, ಬ್ಯಾಟರಿಯ ಯಂತ್ರದ ಮೇಲೆ. ಆ ಕಾಲದ ಕರೆಂಟಿನ ಕೃಪೆಯಿಂದ ಎಲ್ಲ ಪದಗಳೂ ಒಂದೇ ದಿನ ಮುಗಿದು, ಚಹಾ ಕುಡಿಯಲಿಕ್ಕೂ ಸಮಯ ಉಳಿಯಿತಂತೆ.

ಮೊದಲನೆಯ ಪದದ ಪಲ್ಲವಿ ಹೀಗಿದೆ:

ಬಾಗಿಲಿಲ್ಲದ ಮನಿಗಿ ಬೀಗ ಯಾಕವ್ವ ತಂಗಿ
ಬಂದಾವ ಯಾರಂತ ಕೇಳ

ಇಲ್ಲಿ ಮಂಜವ್ವನವರು ಉಸಿರು ತೆಗೆದುಕೊಳ್ಳುತ್ತಾರೆ. ಆ ಉಸಿರಿನ ತೆರಪಿನಲ್ಲಿ ಸ್ಪಷ್ಟವಾದ ಒಂದು ಕೆಮ್ಮು ಕೇಳಿಸುತ್ತದೆ. ಬಳಿಕ ಪದ ಮುಂದುವರಿಯುತ್ತದೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಪರರ ಮನೆಗೆ ಹೋದ ಗಂಡಸು ಬಾಗಿಲು ಬಡಿಯುವುದಿಲ್ಲ. ಹೊಸ್ತಿಲ ಹೊರಗೆ ನಿಂತು ಕೆಮ್ಮುತ್ತಾನೆ. ಒಳಗಿನ ಹೆಂಗಸರು ಸೆರಗು ಸರಿಮಾಡಿಕೊಂಡು “ಯಾರವ್ರು?” ಎನ್ನುತ್ತಾರೆ. ಇದು ತಲೆಮಾರುಗಳ ಮರ್ಯಾದೆ. ಹೀಗಿರುವಾಗ, ‘ಬಂದಾವ ಯಾರಂತ ಕೇಳ’ ಎಂದ ಕೂಡಲೇ ಕೆಮ್ಮು ಕೇಳಿದರೆ ಅದು ಪದದ ಅಂಗವಲ್ಲವೆಂದು ಯಾರಿಗೆ ತಾನೇ ಅನ್ನಿಸೀತು? ಶಿಗ್ಗಾಂವಿಯ ನಿವೃತ್ತ ಮಾಸ್ತರರೊಬ್ಬರು ಮನೆಯೆಂದರೆ ದೇಹ, ಬೀಗವೆಂದರೆ ಅಹಂಕಾರ, ಹೊರಗೆ ನಿಂತು ಕೆಮ್ಮಿದವನು ಸಾಕ್ಷಾತ್ ಪರಮಾತ್ಮ ಎಂದು ಶ್ರಾವಣ ಮಾಸವಿಡೀ ಪ್ರವಚನ ಮಾಡಿದರು.

ನಾಲ್ಕು ತಾಲೂಕುಗಳ ಭಜನಾಮೇಳಗಳು ಪದವನ್ನು ಕ್ಯಾಸೆಟ್ಟಿನಿಂದಲೇ ಕಲಿತವು, ಕೆಮ್ಮನ್ನೂ ಕಲಿತವು. ನನ್ನ ಸಂಗ್ರಹದಲ್ಲಿ ಇದರ ಪ್ರಾದೇಶಿಕ ಭೇದಗಳಿವೆ. ಹಾನಗಲ್ಲಿನದು ಒಂಟಿ ಕೆಮ್ಮು, ಒಣದು. ಶಿಗ್ಗಾಂವಿಯಲ್ಲಿ ಜೋಡಿ ಕೆಮ್ಮು, ನಡುವೆ ತಾಳದ ಒಂದು ಪೆಟ್ಟು. ಸವಣೂರು ನವಾಬರ ಊರಾದ್ದರಿಂದ ಅಲ್ಲಿ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದೇ ಕೆಮ್ಮುತ್ತಾರೆ. ಹಿರೇಕೆರೂರಿನಲ್ಲಿ ಮುಂದಾಳು ಕೆಮ್ಮಿದ ಮೇಲೆ ಹಿಮ್ಮೇಳವೂ ಕೆಮ್ಮುತ್ತದೆ.

ಆ ಮೂಲ ಕೆಮ್ಮಿನ ಕರ್ತೃವೇ ನಮ್ಮ ಕಥಾನಾಯಕ, ಆಡೂರಿನ ಫಕ್ಕೀರಪ್ಪ. ಧ್ವನಿಮುದ್ರಣದ ದಿನ ಅವನು ಭತ್ತದ ಚೀಲ ಹೇರಿಕೊಂಡು ಗಿರಣಿಗೆ ಹೋಗಿ, ಕರೆಂಟು ಬರುವುದನ್ನು ಕಾಯುತ್ತ ಬಾಗಿಲ ಬಳಿ ಕೂತಿದ್ದ. ಕ್ಯಾಸೆಟ್ಟು ಬಂದ ಮೊದಲ ವರ್ಷ, ಕೆಮ್ಮಿದವರು ಯಾರೆಂದು ಕೇಳಿದವರಿಗೆ “ನಾನ ಇರಬೇಕು” ಎಂದ. ಮರುವರ್ಷ “ನಾನ” ಎಂದ. ಅದರ ಮರುವರ್ಷ, “ಮಂಜವ್ವಾರು ಕಣ್ಸನ್ನಿ ಮಾಡಿದ್ರು, ಕೆಮ್ಮಿದೆ” ಎಂದ. ಇತಿಹಾಸ ಸಾಮಾನ್ಯವಾಗಿ ಹೀಗೆಯೇ ಖಚಿತಗೊಳ್ಳುತ್ತದೆ.

ಅಂದಿನಿಂದ ಯಾವ ಊರಿನ ಭಜನೆಗೆ ಹೋದರೂ ಅವನಿಗೆ ಹಾರ್ಮೋನಿಯಮ್ಮಿನ ಪಕ್ಕದ ಜಾಗ. ಚಹಾ ಮೊದಲು ಅವನಿಗೆ. ಆ ಸಾಲು ಬಂದಾಗ ಮೇಳ ನಿಲ್ಲುತ್ತಿತ್ತು, ಫಕ್ಕೀರಪ್ಪ ಟೋಪಿ ಸರಿಮಾಡಿಕೊಂಡು ಕೆಮ್ಮುತ್ತಿದ್ದ, ಜನ “ಭಲೇ!” ಎನ್ನುತ್ತಿದ್ದರು. ಮಗಳು ಸವಿತಾಳ ಲಗ್ನದ ಪತ್ರಿಕೆಯಲ್ಲಿ ಅವನ ಹೆಸರಿನ ಕೆಳಗೆ ‘ಕ್ಯಾಸೆಟ್ ಕಲಾವಿದರು’ ಎಂದು ಅಚ್ಚಾಗಿತ್ತು. ಹಂಸಭಾವಿಯ ಬೀಗ ಮೈಲಾರಲಿಂಗಪ್ಪ ಕುರಿಹಿಂಡಿನ ಒಡೆಯ, ಸ್ಥಿತಿವಂತ. “ನಮ್ಮ ಊರಿನ ಮಂಜವ್ವಾರ ಕೂಡ ಕ್ಯಾಸೆಟ್ಟಿನ್ಯಾಗ ಇದ್ದಾರ ಅಂದ್ರ ಮನಿತನ ನೋಡೂದ ಬ್ಯಾಡ” ಎಂದು ಹೆಣ್ಣು ತೆಗೆದುಕೊಂಡಿದ್ದರು. ಫಕ್ಕೀರಪ್ಪನ ಹೆಂಡತಿ ಮುದಕವ್ವ ಮಾತ್ರ ಗಂಡನ ಕಲೆಯ ಬಗೆಗೆ ಉದಾಸೀನಳಾಗಿದ್ದಳು. “ಮನ್ಯಾಗ ಕೆಮ್ಮಿದ್ರ ಬಿಸಿನೀರ ಕುಡೀರಿ ಅಂತೇನಿ. ಹೊರಗ ಕೆಮ್ಮಿದ್ರ ಹೂವಿನ ಹಾರ ಹಾಕ್ತಾರ. ನಾ ಏನ ಮಾಡ್ಲಿ?” ಎನ್ನುತ್ತಿದ್ದಳು.

ಹೀಗೆ ಎಲ್ಲವೂ ಸುಗಮವಾಗಿರುವಾಗ ಮಂಜವ್ವನವರ ಮೊಮ್ಮಗಳು ಪೂಜಾ, ಹುಬ್ಬಳ್ಳಿಯಲ್ಲಿ ಧ್ವನಿಮುದ್ರಣ ಕಲಿತವಳು, ಅಜ್ಜಿಯ ಮೇಲಿನ ಪ್ರೀತಿಯಿಂದ ಹಳೆಯ ಕ್ಯಾಸೆಟ್ಟನ್ನು, ಗರಗರವನ್ನೆಲ್ಲ ತೆಗೆದು, ರೀಮಾಸ್ಟರ್ ಮಾಡಿ ಮರಳಿ ಹೊರತರಲು ನಿಶ್ಚಯಿಸಿದಳು. ಜನರ ಬಾಯಲ್ಲಿ ಇದು ‘ತೊಳದ ಕ್ಯಾಸೆಟ್’ ಆಯಿತು. ಬಿಡುಗಡೆ ಶಿಗ್ಗಾಂವಿ ತಾಲೂಕು ಗೊಟಗೋಡಿಯ ಸಭಾಭವನದಲ್ಲಿ, ಕ್ಯಾಸೆಟ್ಟಿನಲ್ಲಿದ್ದ ಕಲಾವಿದರಿಗೆಲ್ಲ ಶಾಲು. ಫಕ್ಕೀರಪ್ಪ ಬೀಗರಿಗೆ ಫೋನು ಮಾಡಿ, ಬಂಧುಬಳಗವನ್ನೆಲ್ಲ ಗಾಡಿ ಮಾಡಿ ಕರೆತರಬೇಕೆಂದು ಹೇಳಿದ. ವೇದಿಕೆಯ ಮೇಲೆ ಕೂರುವುದಕ್ಕಾಗಿ ಹೊಸ ಧೋತರ ತಂದ.

ಬಿಡುಗಡೆಗೆ ಮುಂಚೆ ಮೊದಲ ಪದವನ್ನು ಪೂಜಾ ಎಲ್ಲರ ಮೊಬೈಲಿಗೆ ಕಳಿಸಿದಳು. ಅನಾಹುತ ಸುರುವಾದದ್ದು ಸವಣೂರಿನಲ್ಲಿ. ಶಹಾಬುದ್ದೀನರದು ಮೊದಲು ಕ್ಯಾಸೆಟ್ಟಿನ ಅಂಗಡಿ, ಈಗ ಮೊಬೈಲಿನದು. ದೊಡ್ಡ ಸ್ಪೀಕರಿಗೆ ಹಚ್ಚಿದರು. ಮಂಡಿ ಮುಗಿಸಿ ಹೊರಟಿದ್ದ ವೀಳ್ಯದೆಲೆ ವ್ಯಾಪಾರಿಗಳೆಲ್ಲ ನಿಂತರು. ಮಂಜವ್ವನವರ ಧ್ವನಿ ತೊಳೆದ ಮುತ್ತಿನಂತೆ ಬಂತು. ‘ಬಂದಾವ ಯಾರಂತ ಕೇಳ’ ಎಂದಿತು. ಎಲ್ಲರೂ ವಲ್ಲಿಯನ್ನು ಬಾಯಿಗೆ ಹಿಡಿದರು. ಪದ ಮುಂದೆ ಹೋಯಿತು.

“ಸಾಹೇಬ್ರ, ನಿಮ್ಮ ಸ್ಪೀಕರ ಕೆಟ್ಟೈತಿ.”

“ಸ್ಪೀಕರ ಹೊಸಾದು!” ಎಂದರು ಶಹಾಬುದ್ದೀನರು. ಇನ್ನೊಮ್ಮೆ ಹಚ್ಚಿದರು. ಇನ್ನೊಂದು ಸ್ಪೀಕರಿಗೆ ಹಚ್ಚಿದರು.

“ಕೆಮ್ಮು ಇಲ್ರೀ!”

“ಯಾರಂತ ಕೇಳ ಅಂತಾಳ ಆ ತಾಯಿ. ಕೇಳಿದ್ರ ಯಾರೂ ಇಲ್ಲ! ಬಾಗಿಲಿಲ್ಲದ ಮನಿ ಮುಂದ ಯಾರೂ ಬಂದs ಇಲ್ಲಂದ್ರ ಆ ಹಾಡು ಯಾಕ ಹಾಡಬೇಕು?”

“ಖಾಲಿ ಓಣ್ಯಾಗ ನಿಂತಂಗ ಆತು ನನಗ” ಎಂದು ಮುದುಕರೊಬ್ಬರು ಕಣ್ಣೊರಸಿಕೊಂಡರು.

ಸುದ್ದಿ ಸಂಜೆಯೊಳಗೆ ಶಿಗ್ಗಾಂವಿ ಮುಟ್ಟಿತು. ಅಲ್ಲಿನ ಮೇಳದವರು ಹೊಸ ಪಾಠವನ್ನು ಅಭ್ಯಾಸ ಮಾಡಿ ನೋಡಿದರು. ತಾಳದವನು ನಿಂತ, ತಬಲಾದವನು ನಿಲ್ಲಲಿಲ್ಲ, ಹಾಡುವವನು ಅಭ್ಯಾಸಬಲದಿಂದ ಕೆಮ್ಮಿದ, ಹಿಮ್ಮೇಳ ಅವನ ಕೆಮ್ಮಿನ ಮೇಲೆಯೇ ಹಾಡಿತು. ಭಜನೆಯನ್ನು ಅರ್ಧಕ್ಕೆ ನಿಲ್ಲಿಸಿ ಮಂಗಳಾರತಿ ಮಾಡಬೇಕಾಯಿತು. ಪ್ರವಚನದ ಮಾಸ್ತರರು, ಪರಮಾತ್ಮನನ್ನೇ ಅಳಿಸಿದ ಮೇಲೆ ತಾವು ಮಾತಾಡಿ ಫಲವೇನು ಎಂದು ಮೌನ ಹಿಡಿದರು. ಅದೊಂದು ವಿಷಯದಲ್ಲಿ ತೊಳದ ಕ್ಯಾಸೆಟ್ಟನ್ನು ಮೆಚ್ಚಿದವರೂ ಇದ್ದರೆಂದು ತಿಳಿದುಬಂದಿದೆ.

ಹಾನಗಲ್ಲಿನ ಅಭಿಮಾನಿಗಳು ಕಾಯ್ದೆಯ ದಾರಿ ಹಿಡಿದರು. ಫಕ್ಕೀರಪ್ಪನನ್ನು ಮುಂದಿಟ್ಟುಕೊಂಡು ತಾಲೂಕು ಕಚೇರಿಗೆ ಹೋದರು. ಅಲ್ಲಿನ ಹಿರಿಯ ಗುಮಾಸ್ತರು ಕನ್ನಡಕ ಏರಿಸಿ ಕೇಳಿದರು:

“ಏನ್ರಿ ತಕರಾರು?”

“ಕೆಮ್ಮಿನ ತಕರಾರ್ರಿ ಸಾಹೇಬ್ರ.”

“ಎಷ್ಟು ದಿವಸಾತು?”

“ಮೂವತ್ತು ವರ್ಷಾತ್ರಿ.”

ಗುಮಾಸ್ತರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. “ಮೂವತ್ತು ವರ್ಷದ ಕೆಮ್ಮು ಇಟ್ಕೊಂಡು ಮಂದ್ಯಾಗ ಅಡ್ಡಾಡಾಕತ್ತೀರಿ? ಮೊದಲ ದವಾಖಾನಿಗೆ ಹೋಗ್ರಿ!”

ಸರಕಾರಿ ಕೆಲಸದಲ್ಲಿ ಒಂದು ಕಚೇರಿ ಇನ್ನೊಂದು ಕಚೇರಿಗೆ ಕಳಿಸಿದರೆ ಅದು ಪ್ರಗತಿಯೇ ಎಂದು ತಿಳಿದು ಎಲ್ಲರೂ ದವಾಖಾನೆಗೆ ಹೋದರು. ಮೂವತ್ತು ವರ್ಷವೆಂಬುದನ್ನು ಕೇಳಿದೊಡನೆ ಅಲ್ಲಿಯವರು ಫಕ್ಕೀರಪ್ಪನ ಕೈಗೊಂದು ಸಣ್ಣ ಡಬ್ಬಿ ಕೊಟ್ಟು ಕಫ ತರಲು ಹೇಳಿದರು. ಎದೆಯ ಫೋಟೋ ತೆಗೆದರು. ಅವನು ಪ್ರತಿಯೊಂದಕ್ಕೂ ಕಲಾವಿದನಿಗೆ ತಕ್ಕ ಗಾಂಭೀರ್ಯದಿಂದ ಸಹಕರಿಸಿದ. ಮರುದಿನ ವೈದ್ಯರು ನಗುತ್ತ, “ಸಂತೋಷದ ಸುದ್ದಿ ಅಜ್ಜಾರ. ನಿಮಗ ಕೆಮ್ಮಿಲ್ಲ” ಎಂದರು.

ಫಕ್ಕೀರಪ್ಪನ ಮುಖ ಬಿಳಿಚಿತು. “ಹಂಗನಬ್ಯಾಡ್ರಿ ಡಾಕ್ಟರ್ರ. ಇನ್ನೊಮ್ಮೆ ನೋಡ್ರಿ.”

“ಎದಿ ಬೆಳ್ಳಿ ಬಟ್ಟಲ ಇದ್ದಂಗ ಐತಿ. ಕೆಮ್ಮಿನ ಸುಳಿವs ಇಲ್ಲ.”

“ಮಂದಿ ಮುಂದ ಜ್ವಾರಾಗಿ ಹೇಳಬ್ಯಾಡ್ರಿ. ಬೀಗರ ಕಿವಿಗೆ ಬಿದ್ದೀತು.”

ಆದರೆ ಹೊರಗೆ ಕೂತಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಅವನಿಗೆ ಕೆಮ್ಮಿಲ್ಲವೆಂದು ಈಗ ಕ್ಯಾಸೆಟ್ಟೂ ಹೇಳುತ್ತಿತ್ತು, ಸರಕಾರವೂ ಹೇಳುತ್ತಿತ್ತು. ಮುಂದಿನ ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಮ್ಮಿನ ಪಕ್ಕದ ಜಾಗದಲ್ಲಿ ಯಾರೋ ಪ್ರಸಾದದ ಬುಟ್ಟಿ ಇಟ್ಟಿದ್ದರು. ಚಹಾ ಅವನಿಗೆ ಕೊನೆಗೆ ಬಂತು, ಅದೂ ಆರಿತ್ತು. ಹಂಸಭಾವಿಯಿಂದ ಸವಿತಾ ಫೋನು ಮಾಡಿದಳು: “ಅಪ್ಪಾ, ನಮ್ಮ ಮಾವಾರು ಹೊಸಾ ಹಾಡು ಮತ್ತ ಮತ್ತ ಕೇಳಾಕತ್ತಾರ. ಕೇಳಿ ನನ್ನ ಮಾರಿ ನೋಡ್ತಾರ. ಏನೂ ಅನ್ನೂದಿಲ್ಲ. ಅದs ಹೆದರಿಕಿ.”

ಫಕ್ಕೀರಪ್ಪ ಇನ್ನು ತಡೆಯಲಿಲ್ಲ. ನಾಲ್ಕೂ ತಾಲೂಕಿನ ಪ್ರಮುಖರನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಹಂಸಭಾವಿಗೆ ಹೋದ. ಮಂಜವ್ವನವರ ಮನೆಯ ಮುಂದೆ ನಿಂತು ಎಲ್ಲರೂ ಸಂಪ್ರದಾಯದಂತೆ ಕೆಮ್ಮಿದರು. ಫಕ್ಕೀರಪ್ಪ ಎಲ್ಲರಿಗಿಂತ ಹೆಚ್ಚು ಕೆಮ್ಮಿದ. ಪೂಜಾ ಹೊರಗೆ ಬಂದಳು.

“ನನ್ನ ಕೆಮ್ಮು ಎಲ್ಲಿಟ್ಟೀಯವ್ವಾ?”

“ಅಜ್ಜಾರ, ಅದು ಡಿಸ್ಟರ್ಬನ್ಸ್. ಪದಕ್ಕ ಅಡ್ಡ ಬರ್ತಿತ್ತು, ತಗದೇನಿ.”

“ಮೂವತ್ತು ವರ್ಷ ನಾಕ ತಾಲೂಕು ಸಂಬಾಳಿಸಿದ ಕೆಮ್ಮಿಗೆ ಡಿಸ್ಟರ್ಬನ್ಸ್ ಅಂತೀಯಾ? ನಿಮ್ಮಜ್ಜಿ ಕಣ್ಸನ್ನಿ ಮಾಡಿದ್ಲು!”

ಪೂಜಾ ವಿನಯವಂತೆ. “ಒಗದಿಲ್ರೀ. ಬ್ಯಾರೆ ಕಡೆ ಜ್ವಾಪಾನ ಇಟ್ಟೇನಿ. ಮತ್ತ ಸೇರಸ್ತೇನಿ, ಆತಿಲ್ಲ?” ಎಂದಳು.

ವ್ಯಾಜ್ಯ ಇಲ್ಲಿಗೆ ಮುಗಿಯಬಹುದಾಗಿತ್ತು. ಜೊತೆಗೆ ಬಂದವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಆದರೆ ನೊಂದ ಕಲಾವಿದನಿಗೆ ಬರಿಯ ನ್ಯಾಯ ಸಾಲದು, ಮೆರವಣಿಗೆಯೂ ಬೇಕು. “ಸೇರಿಸಿದ್ರ ಸಾಲದು. ಗೊಟಗೋಡ್ಯಾಗ ಮಂದಿಯೆಲ್ಲ ಕುಂತ ಮ್ಯಾಲೆ, ಬೀಗರು ಮುಂದ ಕುಂತ ಮ್ಯಾಲೆ, ಮೊದಲ ನನ್ನ ಕೆಮ್ಮು ಒಂದನ್ನ ಕೇಳಸಬೇಕು. ಪದ ಇಲ್ಲ, ಪೇಟಿ ಇಲ್ಲ, ಬರೇ ಕೆಮ್ಮು. ಆಮ್ಯಾಲೆ ಶಾಲು” ಎಂದ ಫಕ್ಕೀರಪ್ಪ.

“ಒಂದನ್ನs ಕೇಳಸಬೇಕಂದ್ರ ಅದನ್ನೂ ಛಲೋತ್ನಾಗಿ ತೊಳೀಬೇಕಾಗ್ತೈತಿ ಅಜ್ಜಾರ.”

“ತೊಳಿ. ಹೊಳಿಯೂ ಹಂಗ ತೊಳಿ.”

ಗೊಟಗೋಡಿಯ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಸೇರಿತು. ಮಂಜವ್ವನವರು ವೇದಿಕೆಯ ನಡುವೆ ಕೂತಿದ್ದರು, ಎಂಬತ್ತರ ಹತ್ತಿರದ ವಯಸ್ಸು, ದೃಷ್ಟಿ ಮಂದ, ಕಿವಿ ಚುರುಕು. ಪಕ್ಕದಲ್ಲಿ ಆ ಕಾಲಕ್ಕೆ ಹಾರ್ಮೋನಿಯಂ ನುಡಿಸಿದ್ದ ಮುಸ್ತಾಕ. ಅವರ ಪಕ್ಕದಲ್ಲಿ ಹೊಸ ಧೋತರದ ಫಕ್ಕೀರಪ್ಪ. ಮುಂದಿನ ಸಾಲಿನಲ್ಲಿ ಮೈಲಾರಲಿಂಗಪ್ಪ ಮತ್ತು ಗಾಡಿ ತುಂಬ ಬಂದ ಬೀಗರು. ಹೆಂಗಸರ ಕಡೆ ಮುದಕವ್ವ, ಸವಿತಾ. ಅವರ ಹಿಂದೆ ಹಾಲವ್ವ. ಆದುದರಿಂದ ಮುಂದಿನದೆಲ್ಲ ಪ್ರತ್ಯಕ್ಷದರ್ಶಿಯ ಪಾಠ.

ಪೂಜಾ ಗುಂಡಿ ಒತ್ತಿದಳು. ಎರಡೂ ಬದಿಯ ಆಳೆತ್ತರದ ಸ್ಪೀಕರುಗಳಿಂದ, ಧೂಳಿಲ್ಲದೆ, ಗರಗರವಿಲ್ಲದೆ, ಆ ಕೆಮ್ಮು ಹೊರಬಂತು.

ಯಾರೂ “ಭಲೇ” ಎನ್ನಲಿಲ್ಲ. ಪೂಜಾ ಇನ್ನೊಮ್ಮೆ ಒತ್ತಿದಳು. ಮೈಲಾರಲಿಂಗಪ್ಪ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕೇಳಿದರು. ಬಳಿಕ ಎದ್ದು ನಿಂತರು.

“ಬೀಗರ, ತಪ್ಪ ತಿಳ್ಕೊಬ್ಯಾಡ್ರಿ. ಇದು ನಿಮ್ಮದಲ್ಲ.”

“ಮತ್ಯಾರದ್ರಿ?”

“ಟಗರಿನದು. ಎರಡ ಹಲ್ಲಿನ ಟಗರು. ಹೊಟ್ಟು ಮೂಸಿ ಕೆಮ್ಮೇತಿ. ಹುಟ್ಟಿದಾಗಿಂದ ಹಿಂಡಿನ ಕೂಡ ಮಲಗಿದಾಂವ ನಾನು, ನನಗ ಗೊತ್ತಾಗಂಗಿಲ್ಲೇನ್ರಿ?”

ಸಭೆಯಲ್ಲಿ ಗದ್ದಲವೆದ್ದಿತು. ಶಿಗ್ಗಾಂವಿಯ ಮಾಸ್ತರರು ಮೌನ ಮುರಿದು, “ಹಂಗಾದ್ರ ಪರಮಾತ್ಮ?” ಎಂದು ಅಕ್ಕಪಕ್ಕದವರನ್ನು ಕೇಳಿ, ಉತ್ತರ ಬಾರದ್ದರಿಂದ ಮತ್ತೆ ಮೌನಕ್ಕೆ ಮರಳಿದರು. ಸವಣೂರಿನವರು, ಇಷ್ಟು ವರ್ಷ ಟಗರಿನ ಸಲುವಾಗಿ ತಾವು ಬಾಯಿಗೆ ವಲ್ಲಿ ಹಿಡಿದೆವೇ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಕ್ಕೀರಪ್ಪನಿಗೆ ಮೈಕು ಕೊಟ್ಟು ಕೆಮ್ಮಲು ಹೇಳಲಾಯಿತು. ಕೆಮ್ಮಿದ. ಟಗರಿನ ಕೆಮ್ಮು ಹಚ್ಚಿದರು. ಮತ್ತೆ ಅವನು ಕೆಮ್ಮಿದ. ಟಗರಿನದೇ ಹೆಚ್ಚು ಸಹಜವಾಗಿತ್ತೆಂದು ಎರಡೂ ಪಾಠಗಳು ಒಪ್ಪುತ್ತವೆ.

“ಮಂಜವ್ವಾರು ಹೇಳ್ಲಿ!” ಎಂದರು ಯಾರೋ. “ಯವ್ವಾ, ನೀವು ಯಾರಿಗೆ ಕಣ್ಸನ್ನಿ ಮಾಡಿದ್ರಿ? ಫಕ್ಕೀರಪ್ಪಗೋ, ಟಗರಿಗೋ?”

“ನಾ ಕಣ್ಣ ಮುಚ್ಚಿ ಹಾಡಾಕಿ ತಮ್ಮಾ” ಎಂದರು ಮಂಜವ್ವ.

ಫಕ್ಕೀರಪ್ಪ ಧೋತರದ ಚುಂಗು ಹಿಡಿದು ವೇದಿಕೆಯಿಂದ ಇಳಿಯಲು ಒಂದು ಕಾಲು ಕೆಳಗಿಟ್ಟ. ಬೀಗರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸವಿತಾ ತಲೆ ತಗ್ಗಿಸಿದಳು. ಅದನ್ನು ನೋಡಿ ಮುದಕವ್ವ ಎದ್ದಳು.

“ಟಗರು ಯಾರದಂತ ಯಾರೂ ಕೇಳವಲ್ರಿ ಅಲ?”

ಸಭೆ ತಿರುಗಿತು.

“ಅವತ್ತ ಹಾನಗಲ್ಲ ಸಂತಿ. ನಾವಿಬ್ರೂ ಭತ್ತಾ ಹೇರ್ಕೊಂಡು ಹೋಗಿದ್ವಿ, ಇವರು ಸಂತ್ಯಾಗ ಟಗರ ತಗೊಂಡ್ರು. ಗಿರಣಿ ಬಾಗಲದಾಗ ಚಕ್ಕಡಿ ಗಾಲಿಗೆ ಕಟ್ಟಿದ್ವಿ. ಹಗ್ಗ ಬಿಗದಾಕಿ ನಾನ. ಟಗರು ನಮ್ಮದು.”

ಫಕ್ಕೀರಪ್ಪ ಕೆಳಗಿಟ್ಟ ಕಾಲನ್ನು ಮೇಲಕ್ಕೆ ಎತ್ತಿಕೊಂಡ. “ಕೇಳ್ರಿ! ಟಗರು ನಂದು ಅಂದ ಮ್ಯಾಲೆ ಕೆಮ್ಮು ಯಾರದು?”

ಇದು ಸಣ್ಣ ಪ್ರಶ್ನೆಯಲ್ಲ. ನಾಲ್ಕು ತಾಲೂಕಿನ ಹಿರಿಯರು ಗುಂಪುಗೂಡಿ ವಿಚಾರ ಮಾಡಿದರು. ಎಮ್ಮೆ ಯಾರದೋ ಹಾಲು ಅವರದು ಎಂದರು ಹಾನಗಲ್ಲಿನವರು. ಹಾಲು ಬೇರೆ, ಎಮ್ಮೆ ಹಾಯ್ದರೆ ಯಜಮಾನನೇ ಹಾಯ್ದನೆನ್ನಲಾದೀತೇ ಎಂದರು ಶಿಗ್ಗಾಂವಿಯವರು. ಕಡೆಗೆ ಮುಸ್ತಾಕ ಮೈಕು ತೆಗೆದುಕೊಂಡು, ಶಾಲು ಕಲಾವಿದನಿಗೇ ಸಲ್ಲಬೇಕು, ಆ ಟಗರನ್ನೋ ಅದರ ಸಂತತಿಯನ್ನೋ ಕರೆತಂದರೆ ಕೊಂಬಿಗೆ ಶಾಲು ಸುತ್ತಲು ಯಾರದೂ ಅಭ್ಯಂತರವಿಲ್ಲ ಎಂದರು. “ಎಲ್ಲೈತ್ರಿ ಆ ಟಗರು?”

ಮುದಕವ್ವ ಅವರ ಕಡೆಗೇ ತಿರುಗಿದಳು.

“ಮುಸ್ತಾಕಣ್ಣಾ, ಕ್ಯಾಸೆಟ್ ಬಂದ ಖುಷಿಗೆ ನಮ್ಮ ಮನ್ಯಾಗ ಊಟ ಹಾಕಿದ್ವಿ, ನೆನಪೈತಿ?”

“ಇಲ್ದೇನು! ಅಂಥಾ ಊಟ ಮತ್ತ...” ಎಂದವರು ಅಲ್ಲಿಗೇ ನಿಂತರು.

“ಎರಡ ಸಲ ನೀಡಿಸ್ಕೊಂಡ್ರಿ. ಖಂಡ ಬೆಣ್ಣಿ ಆದಂಗ ಆಗೇತಿ ಅಂದ್ರಿ.”

ಸಭೆಯಲ್ಲಿ ಅಂದು ಉಂಡವರು ಅನೇಕರಿದ್ದರು. ಎಲ್ಲರೂ ಏಕಕಾಲಕ್ಕೆ ಚಾವಣಿಯ ಫ್ಯಾನನ್ನು ನೋಡಿದರು.

“ನಾ ಉಣ್ಣಲಿಲ್ಲ” ಎಂದರು ಮಂಜವ್ವ ಸಾವಕಾಶವಾಗಿ.

“ಹೌದ್ರಿ ಯವ್ವಾ. ನೀವು ಖಂಡ ಬ್ಯಾಡಂತ ಬರೇ ರಸ ಹಾಕಿಸ್ಕೊಂಡ್ರಿ.”

ಮುಸ್ತಾಕ ಮೈಕನ್ನು ಕೆಳಗಿಟ್ಟರು. ಬಳಿಕ ಮಂಜವ್ವನವರು ಕೈಯೆತ್ತಿದರು. “ಮುದಕವ್ವಾ, ಒಂದ ಮಾತು. ಆ ಟಗರಿನ ಗಂಟಲ ಯಾರ ಪಾಲಿಗೆ ಬಂದಿತ್ತು?”

“ತಲಿ, ಗಂಟಲ ಯಾವತ್ತಿದ್ರೂ ಟಗರಿನ ಯಜಮಾನಂದು. ಅದು ಪದ್ಧತಿ. ಇವರs ಉಂಡ್ರು. ಯಾರಿಗೂ ಒಂದ ತುಣುಕ ಕೊಡ್ಲಿಲ್ಲ.”

“ಹಂಗಾದ್ರ ಕಲಾವಿದ ಎಲ್ಲೂ ಹೋಗಿಲ್ಲ. ಮೂವತ್ತು ವರ್ಷದಿಂದ ಇವನೊಳಗs ಅದಾನ. ಬಾಗಿಲಿಲ್ಲದ ಮನಿ ನೋಡ್ರಿ, ಹೊಕ್ಕಾಂವ ಹೊಕ್ಕಾನ” ಎಂದು ಮಂಜವ್ವನವರು ತಾವೇ ಶಾಲು ತೆಗೆದುಕೊಂಡು, ಫಕ್ಕೀರಪ್ಪನ ಹೆಗಲಿಗಲ್ಲದೆ, ಅವನ ಗಂಟಲಿಗೆ ಸುತ್ತಿದರು. ಮೈಲಾರಲಿಂಗಪ್ಪ ಎದ್ದುನಿಂತು ಮೊದಲು ಚಪ್ಪಾಳೆ ತಟ್ಟಿದರು. ಟಗರು ಸಾಕುವವರ ಮನೆಗೆ ಇದಕ್ಕಿಂತ ದೊಡ್ಡ ಸಂಬಂಧ ಎಲ್ಲಿಂದ ಬರಬೇಕು ಎಂದು ಪಕ್ಕದವರಿಗೆ ಹೇಳಿದರಂತೆ. ತೊಳದ ಕ್ಯಾಸೆಟ್ಟಿನಲ್ಲಿ ಈಗ ಕೆಮ್ಮು ಅದರ ಸ್ಥಾನದಲ್ಲಿದೆ. ಕಲಾವಿದರ ಹೆಸರುಗಳಲ್ಲಿ ‘ಕೆಮ್ಮು: ಟಗರು, ಹಕ್ಕುದಾರರು: ಫಕ್ಕೀರಪ್ಪ, ಆಡೂರು’ ಎಂದು ಸೇರಿಸಲಾಗಿದೆ. ಹಾರ್ಮೋನಿಯಮ್ಮಿನ ಪಕ್ಕದ ಜಾಗದಿಂದ ಪ್ರಸಾದದ ಬುಟ್ಟಿಯನ್ನು ತೆಗೆದಿದ್ದಾರೆ.

ಹಾಲವ್ವನವರು ಇಲ್ಲಿಗೆ ನಿಲ್ಲಿಸಿದರು. ಸಂಗ್ರಾಹಕನ ಕರ್ತವ್ಯವೆಂದು ನಾನು ಕೇಳಿದೆ: “ಅಂದಿನ ಊಟಕ್ಕೆ ತಾವೂ ಹೋಗಿದ್ದಿರಾ?”

“ಊರಿಗೆ ಊರs ಉಂಡೈತಿ. ನಾ ಏನ ಬ್ಯಾರೆ ಊರಾಕಿಯೇನ್ರಿ?”

“ಯಮ್ಮಾ, ನಿನಗ ಯಾವ ಪಾಲು ಬಂದಿತ್ತು?” ಎಂದಳು ಕಟ್ಟೆಯ ತುದಿಯಲ್ಲಿದ್ದ ಹೆಂಗಸು.

“ನನಗ ಕಾಲು ಬಂದಿದ್ವು” ಎಂದರು ಹಾಲವ್ವ. “ಅದಕ್ಕ ಒಂದ ಕಡೆ ಭಾಳೊತ್ತು ಕುಂದ್ರಾಕ ಆಗೂದಿಲ್ಲ.” ಹಾಗೆಂದು ಎದ್ದು, ಸೆರಗು ಕೊಡವಿ, ಒಳಗೆ ಹೋದರು. ಉಳಿದವರು ತಮ್ಮ ತಮ್ಮ ಪಾಲನ್ನು ನೆನೆಯುತ್ತ ಕ್ಷಣಕಾಲ ಕೂತಿದ್ದು, ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು.